ಐವತ್ತು ದಾಟಿದ ಮೇಲೆ ಕೆಲಸ ಹುಡುಕುವವರು ಇಲ್ಲಿ ಯಾರಿದ್ದೀರಿ?

ಕುಂಬಳೆ ಲೆಕ್ಕದವ
ಎಲ್ಲರಿಗೂ ನಮಸ್ಕಾರ. ನನಗೆ 52. ಬಿ.ಕಾಂ. ಓದಿದ್ದೇನೆ. ಇಷ್ಟು ವರ್ಷ ಕಾಸರಗೋಡಿನಲ್ಲಿ ಒಂದೇ ಅಡಿಕೆ ವ್ಯಾಪಾರದ ಅಂಗಡಿಯಲ್ಲಿ ಲೆಕ್ಕ ನೋಡಿಕೊಂಡಿದ್ದೆ. ಕೈಯಲ್ಲಿ ಖಾತೆ ಪುಸ್ತಕ ಬರೆಯುವ ಕಾಲದಿಂದ ಟ್ಯಾಲಿ ಅನ್ನುವ ಕಂಪ್ಯೂಟರ್ ಲೆಕ್ಕದವರೆಗೆ ಎಲ್ಲವೂ ಅಲ್ಲೇ ಕಲಿತದ್ದು. ಧಣಿಗಳಿಗೆ ವಯಸ್ಸಾಯಿತು. ಮಕ್ಕಳಿಗೆ ವ್ಯಾಪಾರ ಬೇಡ. ಅಂಗಡಿ ಮುಚ್ಚಿದರು. ಅವರ ಮೇಲೆ ನನಗೆ ಸಿಟ್ಟೇನೂ ಇಲ್ಲ, ಕೊಡಬೇಕಾದ್ದನ್ನು ಲೆಕ್ಕ ಹಾಕಿ ಕೊಟ್ಟಿದ್ದಾರೆ.

ಈಗ ಮಂಗಳೂರಿನಲ್ಲಿ ಹುಡುಕುತ್ತಿದ್ದೇನೆ. ಮೊನ್ನೆ ಒಂದು ಕಡೆ ಒಳಗೆ ಹೋದ ಕೂಡಲೇ ಅಲ್ಲಿದ್ದ ಹುಡುಗ ಎದ್ದು ನಿಂತು, "ಬನ್ನಿ ಅಂಕಲ್, ಯಾರನ್ನು ನೋಡ್ಬೇಕಿತ್ತು?" ಅಂದ. ಇಂಟರ್‌ವ್ಯೂಗೆ ಬಂದದ್ದು ಅಂದೆ. ಪಾಪ, ಅವನಿಗೇ ನಾಚಿಕೆ ಆಯಿತು. ಹೊರಗೆ ಬೆಂಚಿನಲ್ಲಿ ಇದ್ದವರೆಲ್ಲ ನನ್ನ ಮಗಳ ಪ್ರಾಯದವರು.

ಕೇಳಬೇಕಾದ್ದು ಇಷ್ಟೇ. ಅಷ್ಟು ಹುಡುಗರ ನಡುವೆ ನನ್ನನ್ನೇ ತೆಗೆದುಕೊಳ್ಳಬೇಕು ಅಂತ ಅವರಿಗೆ ಅನಿಸಬೇಕಾದರೆ ಎಂತ ಮಾಡಬೇಕು? ಬಯೋಡೇಟಾದಲ್ಲಿ ಹುಟ್ಟಿದ ವರ್ಷ ಹಾಕಬೇಕಾ ಬೇಡವಾ? ಸಂಬಳ ಕಡಿಮೆ ಆದರೂ ಪರವಾಗಿಲ್ಲ ಅಂತ ನಾವೇ ಮೊದಲು ಹೇಳುವುದು ಸರಿಯಾ?

ಬದಿಯಡ್ಕ ಬಸ್‌ಸ್ಟ್ಯಾಂಡ್
ಮೊದಲು ತಲೆಗೆ ಬಣ್ಣ ಹಾಕಿ ಅಣ್ಣ. ಉಳಿದದ್ದು ಆಮೇಲೆ ಮಾತಾಡುವ.

ಪೆರ್ಲದ ಮಾಷ್ಟ್ರು
ಬಣ್ಣ ಹಾಕಿ ಯಾರನ್ನು ಮೋಸ ಮಾಡುವುದು? ಆಧಾರ್ ಕಾರ್ಡಿಗೂ ಬಣ್ಣ ಹಾಕಲಿಕ್ಕಾಗುತ್ತದಾ? ಈಗಿನ ಕಂಪನಿಗಳಿಗೆ ಅನುಭವದ ಬೆಲೆ ಗೊತ್ತಿಲ್ಲ. ಮೊಬೈಲ್ ಒತ್ತಲಿಕ್ಕೆ ಬಂದರೆ ಸಾಕು, ಅವನೇ ಬುದ್ಧಿವಂತ.

ನೀರ್ಚಾಲು 26
ಮಾಷ್ಟ್ರೇ, ನನಗೆ 26. ಮೊಬೈಲ್ ಚೆನ್ನಾಗಿ ಒತ್ತುತ್ತೇನೆ. ನನಗೂ ಕೆಲಸ ಸಿಕ್ಕಿಲ್ಲ. ನಮಗೆ "ಅನುಭವ ಇಲ್ಲ" ಅಂತಾರೆ, ನಿಮಗೆ "ಅನುಭವ ಜಾಸ್ತಿ" ಅಂತಾರೆ. ಅವರಿಗೆ ಬೇಕಾದವರು ಭೂಮಿ ಮೇಲೆ ಹುಟ್ಟಿದ್ದಾರೋ ಇಲ್ಲವೋ.

ಉಪ್ಪಳ ಪ್ಯಾಸೆಂಜರ್
😂 26 ಹೇಳಿದ್ದು ಸರಿ.

ಮಂಜೇಶ್ವರದ ಹುಡುಗಿ, ಮಂಗಳೂರಿನ ಎಚ್‌ಆರ್
ನಾನು ಮೇಜಿನ ಆ ಕಡೆ ಕೂತುಕೊಳ್ಳುವವಳು. ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಬೇಡಿ.

"ಇಷ್ಟು ವರ್ಷ ಅನುಭವ ಉಂಟು" ಅನ್ನುವುದು ನಮಗೆ ಏನೂ ಹೇಳುವುದಿಲ್ಲ. ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ಮಾಡುತ್ತಾ ಬಂದವರೂ ಹಾಗೇ ಬರೆಯುತ್ತಾರೆ. ನಾಳೆ ಬೆಳಿಗ್ಗೆ ಬಂದು ಕೂತರೆ ನೀವು ಎಂತ ಮಾಡಿಕೊಡುತ್ತೀರಿ? ಅದು ಮೊದಲ ಎರಡು ಸಾಲಿನಲ್ಲಿ ಇರಬೇಕು. ಜಿಎಸ್‌ಟಿ ರಿಟರ್ನ್ ಯಾರ ಸಹಾಯವೂ ಇಲ್ಲದೆ ಫೈಲ್ ಮಾಡುತ್ತೀರಾ? ಬ್ಯಾಂಕ್ ಸ್ಟೇಟ್‌ಮೆಂಟಿಗೂ ಪುಸ್ತಕಕ್ಕೂ ತಾಳೆ ಹಾಕುತ್ತೀರಾ? ಬಾಕಿ ವಸೂಲಿಗೆ ಫೋನ್ ಮಾಡಿ ಮಾತಾಡುತ್ತೀರಾ? ಅದನ್ನು ಬರೆಯಿರಿ.

ಬಯೋಡೇಟಾ ಒಂದು ಪುಟ, ಹೆಚ್ಚೆಂದರೆ ಎರಡು. ತಂದೆಯ ಹೆಸರು, ಧರ್ಮ, ಎಸ್‌ಎಸ್‌ಎಲ್‌ಸಿ ಮಾರ್ಕು, ಕೊನೆಗೆ "ಮೇಲಿನ ವಿವರಗಳೆಲ್ಲ ಸತ್ಯ" ಅಂತ ಸಹಿ, ಇದೆಲ್ಲ ತೆಗೆಯಿರಿ. ಹುಟ್ಟಿದ ವರ್ಷ ಹಾಕದಿದ್ದರೆ ಸುಳ್ಳು ಹೇಳಿದ ಹಾಗೆ ಅಲ್ಲ. ಕೇಳಿದರೆ ಮಾತ್ರ ತಡವರಿಸದೆ ಹೇಳಬೇಕು. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರು ಕೊಟ್ಟು ಕಳಿಸಿ. ಎಷ್ಟೋ ಜನ ಬಯೋಡೇಟಾವನ್ನು ಹಾಸಿಗೆ ಮೇಲಿಟ್ಟು ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಬೆಡ್‌ಶೀಟಿನ ಹೂವು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

"ಯಾವ ಕೆಲಸ ಆದರೂ ಮಾಡುತ್ತೇನೆ" ಅಂತ ದಯವಿಟ್ಟು ಬರೆಯಬೇಡಿ. ಹಾಗೆ ಬರೆದವರನ್ನು ಯಾವ ಕೆಲಸಕ್ಕೆ ಕರೆಯುವುದು ಅಂತಲೇ ನಮಗೆ ಗೊತ್ತಾಗುವುದಿಲ್ಲ.

ಪೆರ್ಲದ ಮಾಷ್ಟ್ರು
ತಂಗಿ, ಹಾಗಾದರೆ ವಯಸ್ಸು ನೋಡುವುದೇ ಇಲ್ಲವಾ ನೀವು? ನಿಜ ಹೇಳಿ.

ಮಂಜೇಶ್ವರದ ಹುಡುಗಿ, ಮಂಗಳೂರಿನ ಎಚ್‌ಆರ್
ನೋಡುತ್ತೇವೆ ಮಾಷ್ಟ್ರೇ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ ಅಷ್ಟೇ. ನಮ್ಮ ತಲೆಯಲ್ಲಿ ಓಡುವ ಸಂಶಯ ಇವು: ಚಿಕ್ಕ ಪ್ರಾಯದ ಮ್ಯಾನೇಜರ್ ಹೇಳಿದ್ದನ್ನು ಇವರು ಕೇಳುತ್ತಾರಾ? ಹೊಸ ಸಾಫ್ಟ್‌ವೇರ್ ಬಂದರೆ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಅಂತ ಶುರು ಮಾಡುತ್ತಾರಾ? ಆರೋಗ್ಯ ಹೇಗೆ?

ನಾವು ಕೇಳುವುದಿಲ್ಲ. ಆದರೆ ನೀವು ಕೇಳದೆಯೇ ಉತ್ತರ ಕೊಡಬಹುದು. ಒಬ್ಬರು ಬಂದಿದ್ದರು, 50ರ ಮೇಲಿನವರೇ. ಮಾತಿನ ನಡುವೆ, "ನನಗೆ ಈ ವರ್ಷ ಎಕ್ಸೆಲ್‌ನಲ್ಲಿ ಪಿವೋಟ್ ಹೇಳಿಕೊಟ್ಟದ್ದು ನನ್ನ ಕೈಕೆಳಗೆ ಇದ್ದ ಹುಡುಗಿ" ಅಂದರು. ಒಂದೇ ವಾಕ್ಯದಲ್ಲಿ ಎರಡು ಸಂಶಯ ಹೋಯಿತು. ಕಲಿಯುತ್ತಾರೆ, ಚಿಕ್ಕವರಿಂದಲೂ ಕಲಿಯುತ್ತಾರೆ. ಅವರನ್ನೇ ತೆಗೆದುಕೊಂಡೆವು.

ಮುಳ್ಳೇರಿಯ ಕರಿಕೋಟು
ವಕೀಲನಾಗಿ ಒಂದು ಮಾತು. ವಯಸ್ಸಿನ ಕಾರಣಕ್ಕೆ ಕೆಲಸ ಕೊಡದಿರುವುದನ್ನು ತಡೆಯಲು ಅಮೆರಿಕದಲ್ಲಿ 1967ರಲ್ಲೇ ಕಾನೂನು ಬಂದಿದೆ, 40 ದಾಟಿದವರಿಗೆ ಅದರ ರಕ್ಷಣೆ ಉಂಟು. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟುಪಾಡು ಇಲ್ಲ. ಸಂವಿಧಾನದ 16ನೇ ವಿಧಿಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಲ್ಲ ಇದೆ, ವಯಸ್ಸು ಇಲ್ಲ. ಅದೂ ಸರಕಾರಿ ಕೆಲಸಕ್ಕೆ ಸಂಬಂಧಪಟ್ಟದ್ದು. ಆದ್ದರಿಂದ "ಕೇಸ್ ಹಾಕ್ತೇನೆ" ಅಂತ ಎದ್ದು ಬರುವುದರಲ್ಲಿ ಅರ್ಥವಿಲ್ಲ.

ಬದಿಯಡ್ಕ ಬಸ್‌ಸ್ಟ್ಯಾಂಡ್
ಕೇಸ್ ಹಾಕುವ ಮಾತು ಇಲ್ಲಿ ಯಾರು ಎತ್ತಿದರು ವಕೀಲರೇ? ನಿಮಗೂ ಕೆಲಸ ಕಡಿಮೆ ಉಂಟಾ?

ಪೈವಳಿಕೆ ಅಕ್ಕ
ನನ್ನ ವಿಷಯ ಹೇಳುತ್ತೇನೆ. ಮದುವೆಗೆ ಮುಂಚೆ ಸ್ವಲ್ಪ ಸಮಯ ಕೆಲಸ ಮಾಡಿದ್ದೆ. ಆಮೇಲೆ ಮಕ್ಕಳು, ಅತ್ತೆಯ ಕಾಯಿಲೆ, ಮನೆ. 46ಕ್ಕೆ ಮತ್ತೆ ಹುಡುಕಲು ಹೊರಟಾಗ ಎಲ್ಲ ಕಡೆ ಒಂದೇ ಪ್ರಶ್ನೆ: "ಇಷ್ಟು ವರ್ಷ ಎಂತ ಮಾಡ್ತಿದ್ರಿ?"

ಈಗ ಮಂಗಳೂರಿನ ದೇರಳಕಟ್ಟೆ ಕಡೆ ಒಂದು ಆಸ್ಪತ್ರೆಯಲ್ಲಿ ಹೊರರೋಗಿಗಳ ಕೌಂಟರಿನಲ್ಲಿದ್ದೇನೆ. ಕಂಪ್ಯೂಟರ್ ನೋಡಿ ತೆಗೆದುಕೊಂಡದ್ದಲ್ಲ. ಇಂಟರ್‌ವ್ಯೂ ದಿವಸ ನಾನು ಕಾಯುತ್ತಿದ್ದಾಗ ಕಾಞಂಗಾಡ್ ಕಡೆಯ ಒಬ್ಬ ಅಜ್ಜಿ ಬಂದರು. ಅವರಿಗೆ ಮಲಯಾಳ ಮಾತ್ರ ಗೊತ್ತು. ಕೌಂಟರಿನ ಹುಡುಗಿಗೆ ಕನ್ನಡ, ಇಂಗ್ಲಿಷ್. ಡಾಕ್ಟರು ಉತ್ತರದವರು, ಹಿಂದಿ. ಅಜ್ಜಿ ಮಾತ್ರೆಯ ಚೀಟಿ ಹಿಡಿದುಕೊಂಡು ಎಲ್ಲರ ಮುಖ ನೋಡುತ್ತಿದ್ದರು. ನಾನು ಎದ್ದು ಹೋಗಿ ಕೇಳಿದೆ. ಊಟಕ್ಕೆ ಮುಂಚೆಯಾ ನಂತರವಾ ಅನ್ನುವುದು ಅವರ ಸಂಶಯ, ಅಷ್ಟೇ. ಇಂಟರ್‌ವ್ಯೂ ಮಾಡಬೇಕಾದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಕರೆದು, "ಎಷ್ಟು ಭಾಷೆ ಬರುತ್ತದೆ?" ಅಂದರು. ಕನ್ನಡ, ತುಳು, ಮಲಯಾಳ, ಕೊಂಕಣಿ ಅರ್ಥವಾಗುತ್ತದೆ, ಬ್ಯಾರಿ ಮಾತಾಡುತ್ತೇನೆ, ಹಿಂದಿ ಹೇಗೋ ನಡೆಯುತ್ತದೆ.

ನಮ್ಮ ಊರಲ್ಲಿ ಇದು ದೊಡ್ಡ ವಿಷಯವೇ ಅಲ್ಲ, ಎಲ್ಲರಿಗೂ ಬರುತ್ತದೆ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದ ಮೇಲೆ ಅದಕ್ಕೆ ಬೆಲೆ. ನನ್ನ ಬಯೋಡೇಟಾದಲ್ಲಿ ಮಾತ್ರ ಅದು ಕಟ್ಟಕಡೆಯ ಸಾಲಿನಲ್ಲಿ ಇತ್ತು.

ಕುಂಬಳೆ ಲೆಕ್ಕದವ
ಅಕ್ಕ, ನನ್ನದರಲ್ಲಿ ಭಾಷೆಯ ಸಾಲೇ ಇಲ್ಲ.

ಉಪ್ಪಳ ಪ್ಯಾಸೆಂಜರ್
ಅಕ್ಕ ಹೇಳಿದ್ದು ನೂರಕ್ಕೆ ನೂರು. ಆದರೆ ತಲಪಾಡಿಯ ಇನ್ನೊಂದು ಮುಖವೂ ಉಂಟು. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಗಡಿ ಬಂದ್ ಮಾಡಿದರಲ್ಲ, ಆವತ್ತಿಂದ ಕೆಲವು ಕಡೆ ಕೇರಳದ ವಿಳಾಸ ನೋಡಿದರೆ, "ಮತ್ತೆ ಬಂದ್ ಆದರೆ ಏನು ಮಾಡ್ತೀರಿ?" ಅಂತ ಕೇಳುತ್ತಾರೆ. ನಾನು ಉತ್ತರ ಮೊದಲೇ ತಯಾರು ಮಾಡಿಟ್ಟಿದ್ದೆ. ಮಂಗಳೂರು ಬದಿಯ ತೊಕ್ಕೊಟ್ಟಿನಲ್ಲಿ ಭಾವನ ಮನೆ ಉಂಟು, ಬೇಕಾದರೆ ಅಲ್ಲೇ ನಿಲ್ಲುತ್ತೇನೆ ಅಂತ. ಕೇಳಿದವರಿಗೆ ಸಮಾಧಾನ ಆಯಿತು. ಭಾವನಿಗೆ ಇನ್ನೂ ವಿಷಯ ಗೊತ್ತಿಲ್ಲ.

ಬದಿಯಡ್ಕ ಬಸ್‌ಸ್ಟ್ಯಾಂಡ್
😂😂 ಭಾವ ಈ ವೇದಿಕೆಯಲ್ಲಿ ಇಲ್ಲ ತಾನೆ?

ಮರಳಿ ಬಂದ ಗಲ್ಫಿನವ
ನಾನು ಶಾರ್ಜಾದಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದೆ. 49ಕ್ಕೆ ವಾಪಸ್ ಬಂದೆ. ಇಲ್ಲಿ ನನ್ನ ತೊಂದರೆ ವಯಸ್ಸಲ್ಲ, "ಗಲ್ಫಿನವ" ಅನ್ನುವ ಹಣೆಪಟ್ಟಿ. ಲಕ್ಷಗಟ್ಟಲೆ ಕೇಳುತ್ತಾನೆ ಅಂತ ಹೆದರಿ ಕರೆಯುವುದೇ ಇಲ್ಲ. ಸಂಬಳ ಕಡಿಮೆ ಆದರೂ ಸಾಕು ಅಂತ ಮೊದಲೇ ಹೇಳಿದೆ. ಆಗ, "ಯಾಕೆ ಇಷ್ಟು ಕಡಿಮೆಗೆ ಬರ್ತಾರೆ, ಏನೋ ಇರಬೇಕು" ಅಂತ ಸಂಶಯ. ಹಾಗಾಗಿ ಲೆಕ್ಕದಣ್ಣ, ಸಂಬಳದ ಮಾತು ನೀವೇ ಮೊದಲು ಎತ್ತಬೇಡಿ. ಆ ಕೆಲಸಕ್ಕೆ ಊರಲ್ಲಿ ಎಷ್ಟು ಕೊಡುತ್ತಾರೆ ಅಂತ ತಿಳಿದುಕೊಂಡು ಹೋಗಿ. ಕೇಳಿದಾಗ ಅದನ್ನೇ ಹೇಳಿ.

ಗಲ್ಫಿನಿಂದ ಬಂದವರು ಬೇರೆ ಯಾರಾದರೂ ಓದುತ್ತಿದ್ದರೆ: ಹೊರಗೆ ದುಡಿಯುವವರಿಗಾಗಿ ಇರುವ ಕೇರಳ ಸರಕಾರದ ನೋರ್ಕಾದಲ್ಲಿ ಎನ್‌ಡಿಪ್ರೇಮ್ ಅಂತ ಸಾಲದ ಯೋಜನೆ ಉಂಟು. ಕನಿಷ್ಠ 2 ವರ್ಷ ಹೊರಗೆ ದುಡಿದು ಬಂದವರಿಗೆ. 30 ಲಕ್ಷದವರೆಗಿನ ಯೋಜನೆಗೆ 15 ಶೇಕಡಾ ಸಬ್ಸಿಡಿ, ಹೆಚ್ಚೆಂದರೆ 3 ಲಕ್ಷ.

ಪೆರ್ಲದ ಮಾಷ್ಟ್ರು
ಸರಕಾರಿ ಕೆಲಸಕ್ಕೆ ಜನ ತೆಗೆಯುವ ಕೇರಳ ಪಿಎಸ್‌ಸಿ ಬಗ್ಗೆ ಯಾರೂ ಹೇಳಲೇ ಇಲ್ಲ. ಕಾಸರಗೋಡಿನಲ್ಲಿ ಕನ್ನಡ ಗೊತ್ತಿದ್ದವರಿಗೆ ಅಂತಲೇ ಹುದ್ದೆ ಕರೆಯುತ್ತಾರಲ್ಲ?

ಸಿವಿಲ್ ಸ್ಟೇಷನ್ ಕ್ಯಾಂಟೀನ್
ಕರೆಯುತ್ತಾರೆ ಮಾಷ್ಟ್ರೇ, ಆದರೆ ಎಲ್‌ಡಿ (ಕೆಳದರ್ಜೆ) ಕ್ಲರ್ಕಿನಂಥ ಹುದ್ದೆಗೆ ಸಾಮಾನ್ಯ ವರ್ಗಕ್ಕೆ 36 ಮಿತಿ. ಒಬಿಸಿಗೆ 39, ಎಸ್‌ಸಿ ಎಸ್‌ಟಿಗೆ 41. ಇವರಿಗೆ 52. ಆ ಬಸ್ ಹೋಗಿ ಆಯಿತು.

ಆದರೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ರಿಜಿಸ್ಟ್ರೇಷನ್ ಬಿಡಬಾರದು. 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಮರೆತು ಸೀನಿಯಾರಿಟಿ ಹೋದವರಿಗೆ ಸರಕಾರ ಆಗಾಗ ವಿಶೇಷ ಅವಕಾಶ ಕೊಡುತ್ತದೆ, ಪೇಪರ್ ನೋಡುತ್ತಾ ಇರಿ. ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಅಲ್ಲೇ "ನವಜೀವನ್" ಅಂತ ಒಂದು ಯೋಜನೆ. 50ರಿಂದ 65 ವರ್ಷದೊಳಗಿನ, ಎಕ್ಸ್‌ಚೇಂಜಿನಲ್ಲಿ ಹೆಸರು ಇರುವವರಿಗೆ. ಸ್ವಂತ ಉದ್ಯೋಗಕ್ಕೆ 50,000 ರೂಪಾಯಿವರೆಗೆ ಸಾಲ, ಅದರಲ್ಲಿ 25 ಶೇಕಡಾ ಸಬ್ಸಿಡಿ. ಆದಾಯದ ಮಿತಿ ಉಂಟು. ಪೈವಳಿಕೆ ಅಕ್ಕನಂಥವರಿಗಲ್ಲ, ಆದರೆ ವಿಧವೆಯರು, ಗಂಡ ಬಿಟ್ಟವರು, 30 ದಾಟಿದ ಅವಿವಾಹಿತೆಯರಿಗೆ "ಶರಣ್ಯ" ಅಂತ ಬೇರೆ ಉಂಟು, ಅದರಲ್ಲಿ ಸಬ್ಸಿಡಿ ಅರ್ಧ.

ನೀರ್ಚಾಲು 26
50 ಸಾವಿರದಲ್ಲಿ ಈಗ ಎಂತ ಉದ್ಯೋಗ ಆಗುತ್ತದೆ? ಒಂದು ಒಳ್ಳೆ ಫೋನ್ ಬರುತ್ತದೆ.

ಸಿವಿಲ್ ಸ್ಟೇಷನ್ ಕ್ಯಾಂಟೀನ್
ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಬರುತ್ತದೆ ತಮ್ಮಾ. ಲೆಕ್ಕ ಗೊತ್ತಿದ್ದವರಿಗೆ ಅಷ್ಟು ಸಾಕು. ಊರಲ್ಲಿ ಹತ್ತು ಅಂಗಡಿಯ ಜಿಎಸ್‌ಟಿ ನೋಡಿಕೊಂಡರೆ ಆಯಿತು.

ಹೊಸಂಗಡಿ ಟ್ಯಾಕ್ಸ್
ಅದೇ ಹೇಳಬೇಕು ಅಂತಿದ್ದೆ. ನಾನು ತೆರಿಗೆ ಕೆಲಸದವನು. ಲೆಕ್ಕದಣ್ಣ, ನೀವು ಆನ್‌ಲೈನ್ ಜಾಬ್ ಸೈಟ್‌ಗಳಲ್ಲಿ ಅರ್ಜಿ ಹಾಕಿ ಕಾಯುವುದು ಸುಮ್ನೆ. ಅಲ್ಲಿ "2ರಿಂದ 5 ವರ್ಷ ಅನುಭವ" ಅಂತ ಫಿಲ್ಟರ್ ಹಾಕಿರುತ್ತಾರೆ. ನಿಮ್ಮ ಬಯೋಡೇಟಾವನ್ನು ಮನುಷ್ಯರು ನೋಡುವುದೇ ಇಲ್ಲ.

ನಿಮ್ಮನ್ನು ತೆಗೆದುಕೊಳ್ಳುವವರು ದೊಡ್ಡ ಕಂಪನಿಯವರಲ್ಲ. ಐದರಿಂದ ಇಪ್ಪತ್ತು ಜನ ಇರುವ ಜಾಗ. ಹೋಲ್‌ಸೇಲ್ ಅಂಗಡಿ, ಸಿಎ ಆಫೀಸು, ಹಾರ್ಡ್‌ವೇರ್ ಡೀಲರ್, ಸಣ್ಣ ಆಸ್ಪತ್ರೆ. ಅಲ್ಲಿ ಧಣಿಗೆ ಬೇಕಾದ್ದು ಎರಡೇ: ಕ್ಯಾಶ್ ಬಿಟ್ಟು ಹೋಗುವಷ್ಟು ನಂಬಿಕೆ, ಆರು ತಿಂಗಳಲ್ಲಿ ಬಿಟ್ಟು ಓಡದವರು. ಈ ಎರಡರಲ್ಲೂ 25ರ ಹುಡುಗ ನಿಮ್ಮ ಹತ್ತಿರ ಬರುವುದಿಲ್ಲ. ಅಂಥ ಕೆಲಸ ಪೇಪರಿನಲ್ಲಿ ಬರುವುದಿಲ್ಲ. "ಒಳ್ಳೆ ಜನ ಇದ್ದರೆ ಹೇಳಿ ಮಾರಾಯ್ರೆ" ಅಂತ ನಮ್ಮ ಹತ್ತಿರ ಹೇಳುತ್ತಾರೆ, ಟ್ಯಾಲಿ ಸರ್ವಿಸಿನವನ ಹತ್ತಿರ ಹೇಳುತ್ತಾರೆ, ಬ್ಯಾಂಕಿನವರ ಹತ್ತಿರ ಹೇಳುತ್ತಾರೆ. ಹಳೆ ಅಂಗಡಿಯಲ್ಲಿದ್ದಾಗ ನಿಮ್ಮ ಲೆಕ್ಕಪತ್ರ ನೋಡಿದ ಆಡಿಟರ್ ಇದ್ದಾರಲ್ಲ, ಅವರಿಗೆ ಫೋನ್ ಮಾಡಿದ್ದೀರಾ?

ಕುಂಬಳೆ ಲೆಕ್ಕದವ
ಇಲ್ಲ. ಕೆಲಸ ಹೋಯಿತು ಅಂತ ಅವರ ಹತ್ತಿರ ಹೇಳಲು ಒಂಥರಾ ಆಯಿತು.

ಹೊಸಂಗಡಿ ಟ್ಯಾಕ್ಸ್
ಅವರಿಗೆ ಗೊತ್ತಿರುತ್ತದೆ. ಕಾಸರಗೋಡಿನಲ್ಲಿ ಅಂಗಡಿ ಮುಚ್ಚಿದ್ದು ಆಡಿಟರಿಗೆ ಗೊತ್ತಾಗದೆ ಇರುತ್ತದಾ? ನಾಳೆಯೇ ಫೋನ್ ಮಾಡಿ. ಕೆಲಸ ಕೊಡಿಸಿ ಅನ್ನಬೇಡಿ. "ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ" ಅನ್ನಿ. ಕೇಳುವವರಿಗೂ ಭಾರ ಅಲ್ಲ, ಹೇಳುವವರಿಗೂ ಸುಲಭ.

ಮರಳಿ ಬಂದ ಗಲ್ಫಿನವ
ಸಣ್ಣ ಜಾಗದಲ್ಲಿ ಪಿಎಫ್ ಇರುವುದಿಲ್ಲ. ಅದೂ ನೋಡಬೇಕಲ್ಲ.

ಹೊಸಂಗಡಿ ಟ್ಯಾಕ್ಸ್
ಸರಿಯಾದ ಪ್ರಶ್ನೆ. 20 ಜನ ಇದ್ದರೆ ಪಿಎಫ್ ಕಡ್ಡಾಯ, ಕಡಿಮೆ ಇದ್ದರೆ ಧಣಿಯ ಇಷ್ಟ. ಹಳೆ ಪಿಎಫ್ ಇದ್ದವರು ಗಮನಿಸಿ: ಪಿಎಫ್ ಜೊತೆಗೆ ಬರುವ ಇಪಿಎಸ್ ಪಿಂಚಣಿಗೆ 10 ವರ್ಷ ಸೇವೆ ಆಗಿರಬೇಕು. ಪೂರ್ತಿ ಪಿಂಚಣಿ 58ಕ್ಕೆ. 50ರ ನಂತರ ಬೇಗ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ 4 ಶೇಕಡಾ ಕಡಿತ. ಕೆಲಸ ಹೋದ ಗಾಬರಿಯಲ್ಲಿ ಅರ್ಜಿ ಹಾಕಬೇಡಿ. 10 ವರ್ಷಕ್ಕೆ ಸ್ವಲ್ಪ ಕಡಿಮೆ ಇರುವವರು ಹಣ ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್, ಅಂದರೆ ಆದ ಸೇವೆಯ ದಾಖಲೆ, ಇಟ್ಟುಕೊಳ್ಳಿ. ಹೊಸ ಕಡೆ ಪಿಎಫ್ ಇದ್ದರೆ ಅದನ್ನೂ ಸೇರಿಸಿ ಲೆಕ್ಕ ಆಗುತ್ತದೆ.

ಬದಿಯಡ್ಕ ಬಸ್‌ಸ್ಟ್ಯಾಂಡ್
ಏನೂ ಆಗದಿದ್ದರೆ ಫ್ಲ್ಯಾಟಿನಲ್ಲಿ ಸೆಕ್ಯುರಿಟಿ ಕೆಲಸ ಉಂಟಲ್ಲ. ಮಂಗಳೂರಿನಲ್ಲಿ ಯಾವಾಗಲೂ ಜನ ಬೇಕು.

ಉಪ್ಪಳ ಪ್ಯಾಸೆಂಜರ್
"ಏನೂ ಆಗದಿದ್ದರೆ" ಅಂತ ಯಾಕೆ ಹೇಳುವುದು? ನನ್ನ ಅಪ್ಪ ಅದೇ ಕೆಲಸ ಮಾಡುತ್ತಿದ್ದಾರೆ. ಕಾನೂನಿನಲ್ಲಿ 65ರವರೆಗೆ ಅವಕಾಶ ಉಂಟು, ತರಬೇತಿ ಮಾಡಿರಬೇಕು. ರಾತ್ರಿ ಪಾಳಿ ಮಾತ್ರ ಕಷ್ಟ. 12 ಗಂಟೆ ನಿಂತು, ಮತ್ತೆ ರೈಲಿನಲ್ಲಿ ನಿಂತೇ ಬರಬೇಕು.

ಬದಿಯಡ್ಕ ಬಸ್‌ಸ್ಟ್ಯಾಂಡ್
ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ ಮಾರಾಯ.

ನೀರ್ಚಾಲು 26
ಬೆಳಿಗ್ಗೆಯ ರೈಲಿನಲ್ಲಿ ಯಾರಿಗೆ ಕೂರಲಿಕ್ಕೆ ಸಿಗುತ್ತದೆ? ಕಾಸರಗೋಡಿನಿಂದಲೇ ತುಂಬಿ ಬರುತ್ತದೆ. ಹೈವೇ ಕೆಲಸ ಶುರುವಾದ ಮೇಲೆ ಬಸ್ಸಿನವರೆಲ್ಲ ರೈಲಿಗೆ ಬಂದರು.

ಪೆರ್ಲದ ಮಾಷ್ಟ್ರು
ಪೆರ್ಲಕ್ಕೆ ರೈಲೂ ಇಲ್ಲ. ನಾವು ಯಾರ ಹತ್ತಿರ ಹೇಳುವುದು?

ಪೈವಳಿಕೆ ಅಕ್ಕ
ಒಂದು ಎಚ್ಚರಿಕೆ. ನಮ್ಮ ವಯಸ್ಸಿನವರನ್ನೇ ಹುಡುಕಿ ಮೋಸ ಮಾಡುವವರು ಇದ್ದಾರೆ. "ಮನೆಯಲ್ಲೇ ಡೇಟಾ ಎಂಟ್ರಿ, ವಯಸ್ಸಿನ ಮಿತಿ ಇಲ್ಲ" ಅಂತ ವಾಟ್ಸಾಪ್ ಬರುತ್ತದೆ. ಮೊದಲು ರಿಜಿಸ್ಟ್ರೇಷನ್ ಫೀಸ್, ಆಮೇಲೆ ಟ್ರೈನಿಂಗ್ ಫೀಸ್. ನಮ್ಮ ಪಕ್ಕದ ಮನೆಯವರು ಬಳೆ ಅಡವಿಟ್ಟು ಕಟ್ಟಿದರು. ಕೆಲಸ ಕೊಡುವವರು ಹಣ ಕೊಡಬೇಕು, ಕೇಳಬಾರದು. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕುಂಬಳೆ ಲೆಕ್ಕದವ
ಎಲ್ಲರ ಮಾತೂ ಓದಿದೆ. ರಾತ್ರಿ ಕೂತು ಮೊದಲ ಸಾಲುಗಳನ್ನು ಹೊಸತಾಗಿ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಮಗಳು ಮಾಡಿಕೊಡುತ್ತಾಳೆ. ವಿಷಯ ಸರಿ ಉಂಟಾ ನೋಡಿ:

"ಸಗಟು ವ್ಯಾಪಾರದ ಲೆಕ್ಕ ಪೂರ್ತಿಯಾಗಿ ನೋಡಿಕೊಳ್ಳುತ್ತೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಬ್ಯಾಂಕ್ ತಾಳೆ, ಬಾಕಿ ವಸೂಲಿ. ರೈತರಿಂದ ಖರೀದಿ, ಹೊರರಾಜ್ಯಕ್ಕೆ ಲಾರಿ ಲೋಡು, ಎರಡೂ ಕಡೆಯ ಕಾಗದಪತ್ರ ಗೊತ್ತು. ಅಡಿಕೆಯಲ್ಲಿ ಹೊಸತು, ಹಳತು, ಪಟೋರ, ಉಳ್ಳಿ, ಕೋಕಾ, ಕರಿಗೋಟು ನೋಡಿಯೇ ಬೇರೆ ಮಾಡಬಲ್ಲೆ. ಕನ್ನಡ, ತುಳು, ಮಲಯಾಳ, ಹಿಂದಿ, ಇಂಗ್ಲಿಷ್. ಪ್ರಾಮಾಣಿಕ, ಯಾವುದೇ ದುರಭ್ಯಾಸ ಇಲ್ಲ."

ಹೊಸಂಗಡಿ ಟ್ಯಾಕ್ಸ್
ಅಡಿಕೆಯ ಸಾಲು ಭಾರಿ ಒಳ್ಳೆದಾಗಿದೆ. ಪಟೋರವನ್ನು ಉಳ್ಳಿ ಅಂತ ಬಿಲ್ ಮಾಡಿದರೆ ಎಷ್ಟು ನಷ್ಟ ಅಂತ ಧಣಿಗಳಿಗೆ ಗೊತ್ತು. ಟ್ಯಾಲಿ ಮಾತ್ರ ಕಲಿತ ಹುಡುಗನಿಗೆ ಅದು ಎರಡೂ ಅಡಿಕೆಯೇ. ಆದರೆ ಅಡಿಕೆ ಅಲ್ಲದ ಕಡೆ ಕಳಿಸುವಾಗ ಆ ಸಾಲು ಬದಲಾಯಿಸಿ. ಇ-ಇನ್‌ವಾಯ್ಸ್, ಅಂದರೆ ಜಿಎಸ್‌ಟಿ ಪೋರ್ಟಲಿನಲ್ಲಿ ದಾಖಲಿಸುವ ಬಿಲ್, ಗೊತ್ತಾ? 2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ದಾಟಿದವರಿಗೆಲ್ಲ ಕಡ್ಡಾಯ. ಗೊತ್ತಿಲ್ಲದಿದ್ದರೆ ಒಂದು ದಿವಸ ನಮ್ಮ ಆಫೀಸಿಗೆ ಬನ್ನಿ, ತೋರಿಸಿಕೊಡುತ್ತೇನೆ. ದೊಡ್ಡ ವಿದ್ಯೆ ಏನಲ್ಲ.

ಪೆರ್ಲದ ಮಾಷ್ಟ್ರು
ಈಗ ಹಳತಿಗೆ ಎಷ್ಟು ರೇಟು ಉಂಟು ಲೆಕ್ಕದವರೇ? ನಮ್ಮಲ್ಲಿ ಸ್ವಲ್ಪ ಇಟ್ಟಿದ್ದೇನೆ.

ಮಂಜೇಶ್ವರದ ಹುಡುಗಿ, ಮಂಗಳೂರಿನ ಎಚ್‌ಆರ್
ಅಣ್ಣ, ತುಂಬಾ ಒಳ್ಳೆದಾಗಿದೆ. ಕೊನೆಯ ಸಾಲು ತೆಗೆಯಿರಿ. "ಪ್ರಾಮಾಣಿಕ" ಅಂತ ಎಲ್ಲರೂ ಬರೆಯುತ್ತಾರೆ, ಅಪ್ರಾಮಾಣಿಕರು ಮೊದಲು ಬರೆಯುತ್ತಾರೆ. ಅದರ ಬದಲು ನಿಮ್ಮ ಹಳೆ ಧಣಿಯ ಹತ್ತಿರ ಒಪ್ಪಿಗೆ ಕೇಳಿ, ಅವರ ಫೋನ್ ನಂಬರ್ ಹಾಕಿ. ಭಾಷೆಯನ್ನು ಇನ್ನೂ ಮೇಲೆ ತನ್ನಿ. ಮತ್ತೆ, ನಿಮ್ಮ ನಂಬರ್ ಎಲ್ಲಿದೆ? ಬಯೋಡೇಟಾ ಚೆನ್ನಾಗಿದ್ದು ಫೋನ್ ನಂಬರೇ ಇಲ್ಲದ್ದು ವಾರಕ್ಕೊಂದು ನಮಗೆ ಬರುತ್ತದೆ.

ಕುಂಬಳೆ ಲೆಕ್ಕದವ
ಹಾಕುತ್ತೇನೆ ತಂಗಿ. ಧಣಿಗಳ ಹತ್ತಿರ ಸಂಜೆ ಹೋಗಿ ಕೇಳುತ್ತೇನೆ. ಮಾಷ್ಟ್ರೇ, ರೇಟು ಇಲ್ಲಿ ಬೇಡ, ನಾನು ಮೆಸೇಜ್ ಮಾಡುತ್ತೇನೆ. ಮಾರುವ ಮುಂಚೆ ಚೀಲದ ಅಡಿಯದ್ದನ್ನೂ ಸ್ವಲ್ಪ ಕತ್ತರಿಸಿ ನೋಡಿ, ಹುಳ ಬಿದ್ದಿದ್ದರೆ ಬೇರೆ ಮಾಡಿ ಇಡಿ.